ಸಮುದ್ರದ ಪಾಲು

ಜೂನ್ 8ರ ವಿಶ್ವ ಸಾಗರ ದಿನದಂದು ನಮ್ಮ ಬಾಗಲಕೋಟೆ ಜಿಲ್ಲೆಯಲ್ಲೂ ಸಾಗರ ಉಳಿಸುವ ಪ್ರತಿಜ್ಞೆ ಆಯಿತು. ಸುದ್ದಿ ಓದಿದ್ದೀರಿ, ಫೋಟೊನೂ ನೋಡಿದ್ದೀರಿ. ಬಿಸಿಲಲ್ಲಿ ಬಲಗೈ ಮುಂದೆ ಚಾಚಿ ನಿಂತ ಮಕ್ಕಳು, ಅವರ ಹಿಂದೆ ಹತ್ತಡಿ ಅಗಲ ಎಂಟಡಿ ಎತ್ತರದ ಫ್ಲೆಕ್ಸು. ಅದರಲ್ಲಿ ನೀಲಿ ನೀರು, ಜಿಗಿಯುವ ಡಾಲ್ಫಿನ್, ಕೆಳಗೆ ಮೂಲೆಯಲ್ಲೊಂದು ತಿಮಿಂಗಿಲ, ತಿಮಿಂಗಿಲಕ್ಕಿಂತ ದೊಡ್ಡದಾಗಿ ಏಳು ಮುಖಗಳು.

ಸಮುದ್ರವೇ ಇಲ್ಲದ ಊರಿಗೆ ಸಾಗರ ದಿನ ಯಾಕೆ ಎಂದು ಕೊಂಕು ತೆಗೆದವರಿದ್ದಾರೆ. ಅವರಿಗೆ ಲೆಕ್ಕ ಗೊತ್ತಿಲ್ಲ. ಸಮುದ್ರದ ಜೊತೆ ನಮ್ಮಷ್ಟು ವ್ಯವಹಾರ ಇಟ್ಟುಕೊಂಡವರು ಕಾರವಾರದಲ್ಲೂ ಸಿಗಲಿಕ್ಕಿಲ್ಲ. ಅವರದು ಚಿಲ್ಲರೆ ವ್ಯಾಪಾರ, ನಮ್ಮದು ಹೋಲ್‌ಸೇಲ್.

ಕೃಷ್ಣೆಯ ಸ್ವಭಾವವೇ ನೋಡಿ. ಮಹಾಬಳೇಶ್ವರದಲ್ಲಿ ಆಕೆ ಹುಟ್ಟುವ ಜಾಗದಿಂದ ಅರಬ್ಬಿ ಸಮುದ್ರ ಸುಮಾರು 64 ಕಿ.ಮೀ. ಅಷ್ಟೇ. ಅದಕ್ಕೆ ಬೆನ್ನು ತಿರುಗಿಸಿ ಪೂರ್ವಕ್ಕೆ ಹೊರಟವಳು ಸುಮಾರು 1400 ಕಿ.ಮೀ. ಸುತ್ತಿ ಆಂಧ್ರದ ಹಂಸಲದೀವಿಯಲ್ಲಿ ಬಂಗಾಳ ಕೊಲ್ಲಿ ಸೇರುತ್ತಾಳೆ. ಪಕ್ಕದ ಟೇಬಲ್ಲಿಗೆ ಹೋಗಬೇಕಾದ ಕಡತ ಬೆಂಗಳೂರಿಗೆ ಹೋಗಿ ಬರುವ ಪದ್ಧತಿಯನ್ನು ನಮ್ಮವರು ಯಾರಿಂದ ಕಲಿತರು ಎಂಬುದು ಈಗ ತಿಳಿಯಿತಲ್ಲ.

ಆಲಮಟ್ಟಿಯ 26 ಗೇಟುಗಳಿಂದ ನೀರು ಬಿಟ್ಟ ಮರುದಿನದ ತಲೆಬರಹ ನಿಮಗೆ ಬಾಯಿಪಾಠ: ‘ಇಷ್ಟು ಟಿಎಂಸಿ ನೀರು ಸಮುದ್ರದ ಪಾಲು’. ಕನ್ನಡದಲ್ಲಿ ಹಾಳಾದದ್ದಕ್ಕೆಲ್ಲ ಒಬ್ಬ ಪಾಲುದಾರ ಇರುತ್ತಾನೆ. ಕಳ್ಳರ ಪಾಲು, ಬೆಂಕಿಯ ಪಾಲು, ಮಣ್ಣುಪಾಲು, ನಾಯಿಪಾಲು. ಆ ಪಂಕ್ತಿಯಲ್ಲೇ ಸಮುದ್ರಕ್ಕೂ ಒಂದು ಎಲೆ ಹಾಕಿದ್ದೇವೆ. ಮಹದಾಯಿ ವಿಷಯಕ್ಕೂ ವೇದಿಕೆ ಮೇಲೆ ಇದೇ ಮಾತು, ‘ಸುಮ್ಮನೆ ಸಮುದ್ರಕ್ಕೆ ಹರಿದು ಹೋಗ್ತದ್ರೀ’. ಕುಡಿಯುವ ನೀರಿಗಾಗಿ ವರ್ಷಗಟ್ಟಲೆ ಧರಣಿ ಕೂತ ರೈತನ ನೋವು ಬೇರೆ, ಅದಕ್ಕೆ ನಗುವವನು ಪಾಪಿ. ಆದರೆ ‘ಸುಮ್ಮನೆ’ ಎಂಬ ಆ ಪದ ಎಲ್ಲಿಂದ ಬಂತೋ ನೋಡಬೇಕು.

ಆ ನೀರು ಬಂದದ್ದೇ ಸಮುದ್ರದಿಂದ. ಮುಂಗಾರಿನ ಗಾಳಿ ಅರಬ್ಬಿ ಸಮುದ್ರದ ಆವಿ ಹೊತ್ತು ತಂದು ಸಹ್ಯಾದ್ರಿಗೆ ಡಿಕ್ಕಿ ಹೊಡೆಸುತ್ತದೆ, ಅದು ಮಹಾಬಳೇಶ್ವರದಲ್ಲಿ ಸುರಿದು ನಮ್ಮ ಹೊಳೆಯಾಗುತ್ತದೆ. ಬಾಜೂ ಮನೆಯಿಂದ ಕಡ ತಂದ ಒಂದು ಚೀಲ ಜೋಳದಲ್ಲಿ ಒಂದು ಸೇರು ವಾಪಸ್ ಹೋದಾಗ, ‘ಅಯ್ಯೋ, ಜೋಳ ಬಾಜೂ ಮನಿಯವರ ಪಾಲಾತು’ ಅಂತ ಎದೆ ಬಡಿದುಕೊಂಡಂತೆ.

1973ರಲ್ಲಿ ಬಚಾವತ್ ನ್ಯಾಯಮಂಡಳಿ ಕೃಷ್ಣೆಯಲ್ಲಿ 2060 ಟಿಎಂಸಿ ಎಣಿಸಿತು. ಮಹಾರಾಷ್ಟ್ರಕ್ಕೆ 560, ನಮಗೆ 700, ಆಂಧ್ರಕ್ಕೆ 800. ಕೂಡಿಸಿ ನೋಡಿ, ಒಂದು ಹನಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಣ್ಣತಮ್ಮಂದಿರು ಎಷ್ಟೇ ಜಗಳಾಡಿ ವಾಟ್ನಿ ಮಾಡಿಕೊಂಡರೂ ಅವ್ವನಿಗೆ ಒಂದು ಪಡಸಾಲೆಯನ್ನಾದರೂ ಬರೆದಿರುತ್ತಾರೆ. ಸಮುದ್ರದ ಹೆಸರಿನ ಮುಂದೆ ಸೊನ್ನೆ.

ಹಾಗಂತ ನಾವು ಏನೂ ಕಳಿಸುವುದೇ ಇಲ್ಲ ಅನ್ನಬೇಡಿ. ಗುಟಕಾ ಪಾಕೀಟನ್ನೇ ತೆಗೆದುಕೊಳ್ಳಿ. ರಾಜ್ಯದಲ್ಲಿ ಗುಟಕಾ ನಿಷೇಧವಾದದ್ದು 2013ರಲ್ಲಿ. ತಂಬಾಕು, ಪಾನ್ ಮಸಾಲಾ ಯಾವುದನ್ನೂ ಪ್ಲಾಸ್ಟಿಕ್ ಪಾಕೀಟಿನಲ್ಲಿ ಕಟ್ಟಿ ಮಾರಬಾರದು ಎಂಬ ಕೇಂದ್ರದ ನಿಯಮ ಬೇರೆ ಇದೆ. ಗುಟಕಾ ನಿಷೇಧದ ಫಲವಾಗಿ ಈಗ ಒಂದರ ಬದಲು ಎರಡು ಪಾಕೀಟು: ಒಂದರಲ್ಲಿ ಮಸಾಲಾ, ಇನ್ನೊಂದರಲ್ಲಿ ಜರ್ದಾ. ಪಾನ್ ಅಂಗಡಿಗೆ ತೋರಣ ಡಬಲ್. ಪಾಲಿಯೆಸ್ಟರ್, ಅಲ್ಯೂಮಿನಿಯಂ, ಪಾಲಿಥಿನ್ ಮೂರನ್ನೂ ಅಂಟಿಸಿ ಮಾಡಿದ ಈ ಹಾಳೆಯನ್ನು ಬಿಡಿಸಲು ಬರುವುದಿಲ್ಲ, ಹಾಗಾಗಿ ಗುಜರಿಯವನು ಮೂಸಿಯೂ ನೋಡುವುದಿಲ್ಲ. ಹಲ್ಲಿನಿಂದ ಹರಿದ ಮೂಲೆ ಒಂದು ಕಡೆ, ಪಾಕೀಟು ಒಂದು ಕಡೆ. ಎರಡೂ ಚರಂಡಿಗೆ. ಚರಂಡಿ ನಾಲಾಕ್ಕೆ, ನಾಲಾ ಘಟಪ್ರಭೆಯ ಹಿನ್ನೀರಿಗೆ. ಅಲ್ಲಿ ದಂಡೆಯ ಜಾಲಿಕಂಟಿಗೆ ಸಿಕ್ಕು ಬೇಸಿಗೆಯೆಲ್ಲ ಮಿರಮಿರ ಮಿಂಚುತ್ತ ಕೂರುತ್ತದೆ. ಮಹಾಪೂರ ಬಂದು ಗೇಟು ಎತ್ತಿದರೋ, ಪ್ರಯಾಣ ಶುರು. ನಾರಾಯಣಪುರ, ಜುರಾಲಾ, ಆಮೇಲೆ ಶ್ರೀಶೈಲ. ನಮ್ಮ ಮಂದಿ ಯುಗಾದಿಗೆ ಮಲ್ಲಯ್ಯನ ದರ್ಶನಕ್ಕೆ ಕಾಲು ಬೊಬ್ಬೆ ಬರುವಂತೆ ನಡೆಯುತ್ತಾರೆ, ಪಾಕೀಟಿಗೆ ಅದೂ ಇಲ್ಲ. ನಾಗಾರ್ಜುನಸಾಗರ, ಪುಲಿಚಿಂತಲ, ವಿಜಯವಾಡದ ಬ್ಯಾರೇಜು. ಎಲ್ಲವೂ ಸಮುದ್ರ ಮುಟ್ಟುವುದಿಲ್ಲ ನಿಜ, ಎಷ್ಟೋ ನಡುವೆಯೇ ಹೂಳಿನಲ್ಲಿ ಹೂತುಹೋಗುತ್ತವೆ. ಬಿಸಿಲಿಗೆ ಚೂರಾದವು ಮಾತ್ರ ಕಣ್ಣಿಗೆ ಕಾಣದಷ್ಟು ಸಣ್ಣಗಾಗಿ ಮುಂದೆ ಸಾಗುತ್ತವೆ. ಈ ಲೆಕ್ಕ ಯಾವ ನ್ಯಾಯಮಂಡಳಿಯ ಮುಂದೂ ಬಂದಿಲ್ಲ. ಇದನ್ನು ಸಮುದ್ರದ ಪಾಲು ಎಂದು ಯಾವ ಪತ್ರಿಕೆಯೂ ಬರೆದಿಲ್ಲ.

ಫ್ಲೆಕ್ಸಿನ ವಿಷಯ ಅರ್ಧಕ್ಕೇ ಬಿಟ್ಟೆವು. 2016ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಹೊರಡಿಸಿದ ಅಧಿಸೂಚನೆಯಲ್ಲಿ ಕ್ಯಾರಿಬ್ಯಾಗ್, ಪ್ಲಾಸ್ಟಿಕ್ ಪ್ಲೇಟು, ಚಮಚ, ಥರ್ಮಾಕೋಲ್ ಜೊತೆಗೆ ಫ್ಲೆಕ್ಸ್, ಬಂಟಿಂಗ್ಸ್ ಹೆಸರೂ ಇತ್ತು. ದಪ್ಪ ಎಷ್ಟೇ ಇರಲಿ, ಬೇಡ ಎಂದಿತ್ತು. ಆಮೇಲೆ ಕೇಂದ್ರದವರು ಕ್ಯಾರಿಬ್ಯಾಗಿಗೆ 75 ಮೈಕ್ರಾನ್, 2022ರ ಕೊನೆಯಿಂದ 120 ಮೈಕ್ರಾನ್ ಎಂದರು. ಹೀಗೆ ವ್ಯಾಪಾರಿಯ ಕೈಗೆ ಎರಡು ಕಾನೂನು ಸಿಕ್ಕವು. ಒಂದನ್ನು ಕೇಳಿದರೆ ಇನ್ನೊಂದನ್ನು ತೋರಿಸುತ್ತಾನೆ. ಮೂರನೆಯ ಉಪಾಯವೂ ಬಂದಿದೆ: ಚೀಲದ ಮೇಲೆ ಹಸಿರು ಎಲೆ ಬರೆದು ‘ಕಾಂಪೋಸ್ಟಬಲ್’ ಎಂದು ಅಚ್ಚು ಹಾಕಿಸುವುದು. ಅಸಲಿ ಕಾಂಪೋಸ್ಟಬಲ್ ಚೀಲವಾದರೂ ಪರೀಕ್ಷೆಯಲ್ಲಿ ಕೊಳೆಯುವುದು 58 ಡಿಗ್ರಿ ಬಿಸಿ ಇರುವ ಗೊಬ್ಬರದ ರಾಶಿಯಲ್ಲಿ, ತಿಂಗಳುಗಟ್ಟಲೆ. ನಮ್ಮ ವೈಶಾಖದ ಬಿಸಿಲೇ ಅಲ್ಲಿಗೆ ಏರುವುದಿಲ್ಲ, ಇನ್ನು ತಣ್ಣನೆಯ ಚರಂಡಿ ನೀರಿನಲ್ಲಿ ಅದು ಕರಗುತ್ತದೆಯೇ?

ಫ್ಲೆಕ್ಸ್ ಅಂಗಡಿಯಲ್ಲಿ ಇಂಥ ತಾಪತ್ರಯ ಇಲ್ಲ.

‘ಸಮುದ್ರದ್ದು ಒಂದು ಹಾಕಬೇಕಿತ್ತಪಾ.’

‘ಎಂಟು-ಹತ್ತೇನ್ರೀ ಸಾಹೇಬ್ರ? ನಾರ್ಮಲ್ಲೋ, ಸ್ಟಾರೋ?’

‘ಸ್ಟಾರ್ ಹಾಕು. ಪರಿಸರದ ಕೆಲಸ, ಚಲೋ ಕಾಣಬೇಕು.’

ಪಾಲಿಯೆಸ್ಟರ್ ನೇಯ್ಗೆಗೆ ಎರಡೂ ಬದಿ ಪಿವಿಸಿ ಮೆತ್ತಿದರೆ ಫ್ಲೆಕ್ಸ್. ಸುಟ್ಟರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ, ಡಯಾಕ್ಸಿನ್. ಹೂತರೆ ಹಾಗೇ ಇರುತ್ತದೆ. ಅದಕ್ಕೇ ನಮ್ಮವರು ಸುಡುವುದೂ ಇಲ್ಲ, ಹೂಳುವುದೂ ಇಲ್ಲ, ಕಣಿಕಿ ಬಣವಿಗೆ ಹೊದಿಸುತ್ತಾರೆ. ಇದು ಮರುಬಳಕೆಯೇ, ಒಪ್ಪೋಣ. ಆದರೆ ಎರಡು ಬೇಸಿಗೆ ಬಿಸಿಲು ಬಿದ್ದರೆ ಒಳಗಿನ ಮೆದುಕಾರಕ ಹಾರಿಹೋಗಿ ಹಾಳೆ ಗಡಸಾಗುತ್ತದೆ, ಮಡಿಕೆಯಲ್ಲಿ ಸೀಳುತ್ತದೆ, ಕೈ ಹಾಕಿದರೆ ಹಪ್ಪಳದಂತೆ ಉದುರುತ್ತದೆ. ಮೇವಿನ ಜೊತೆ ಒಂದಿಷ್ಟು ಎತ್ತಿನ ಹೊಟ್ಟೆಗೆ, ಉಳಿದದ್ದು ಮಳೆ ನೀರಿನ ಜೊತೆ ಹಳ್ಳಕ್ಕೆ.

ಸಮುದ್ರಕ್ಕೆ ಬೇಕಾದ ಒಂದು ವಸ್ತುವನ್ನು ಮಾತ್ರ ನಾವು ಗಟ್ಟಿಯಾಗಿ ಹಿಡಿದಿಟ್ಟಿದ್ದೇವೆ. ಹೂಳು. ನದಿ ತಂದು ಸುರಿದ ಮಣ್ಣಿನಿಂದಲೇ ಆದದ್ದು ಕೃಷ್ಣಾ ಮುಖಜಭೂಮಿ. ಅಲ್ಲಿನ ಹಳೆಯ ಮಣ್ಣು ತನ್ನ ಭಾರಕ್ಕೆ ತಾನೇ ಕುಸಿಯುತ್ತ ಇರುತ್ತದೆ, ಪ್ರತಿ ನೆರೆಗೂ ಹೊಸ ಪದರ ಬಿದ್ದು ಸರಿದೂಗಬೇಕು. ಆ ಪದರ ಈಗ ಒಂದಾದ ಮೇಲೊಂದು ಅಣೆಕಟ್ಟುಗಳ ತಳದಲ್ಲಿ ಕೂತಿದೆ. ಅತ್ತ ಜಗತ್ತಿನ ಸಮುದ್ರಮಟ್ಟ 2006ರಿಂದ 2018ರ ನಡುವೆ ವರ್ಷಕ್ಕೆ ಸರಾಸರಿ 3.7 ಮಿ.ಮೀ. ಏರಿದೆ. ನೆಲ ಇಳಿಯುತ್ತದೆ, ನೀರು ಏರುತ್ತದೆ. ಸಿಹಿನೀರು ಹೊರಗೆ ತಳ್ಳದಿದ್ದರೆ ಉಪ್ಪುನೀರು ಒಳಗೆ ನುಗ್ಗುತ್ತದೆ, ಮೊದಲು ಹೊಳೆಗೆ, ಆಮೇಲೆ ಬಾವಿಗೆ. ಕಬ್ಬಿಗೆ ನೀರು ಕಟ್ಟಿ ಕಟ್ಟಿ ಸವಳು ಎಬ್ಬಿಸಿಕೊಂಡ ಜಮಖಂಡಿ, ಮುಧೋಳದ ರೈತನಿಗೆ ಉಪ್ಪು ಹತ್ತಿದ ಹೊಲ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಮುಳುಗಡೆ ಎಂದರೆ ಏನೆಂದು ಆಲಮಟ್ಟಿಯ ಹಿನ್ನೀರಿಗೆ ಸಿಕ್ಕ ಬಾಗಲಕೋಟೆಗಂತೂ ಯಾರೂ ಹೇಳಿಕೊಡಬೇಕಿಲ್ಲ. ಇಲ್ಲಿ ಶಾಲೆ ಹುಡುಗನಿಗೂ 519.60 ಎಂದರೆ ಆಲಮಟ್ಟಿಯಲ್ಲಿ ಈಗ ನೀರು ನಿಲ್ಲುವ ಮಟ್ಟ, ಮೀಟರ್ ಲೆಕ್ಕದಲ್ಲಿ ಎಂದು ಗೊತ್ತು, 524.256 ಎಂದರೆ ಇನ್ನೂ ಬರಬೇಕಾದ ನೀರು ಎಂದು ಗೊತ್ತು. ಮನೆ ಗೋಡೆಗೆ ನಂಬರು ಬರೆದದ್ದು, ಪಂಚನಾಮೆ, ಹಕ್ಕುಪತ್ರ, ಹೆಚ್ಚಿನ ಪರಿಹಾರಕ್ಕೆ ಕೋರ್ಟು, ವಕೀಲರ ಫೀಸು, ಮುಳುಗಡೆಯವರಿಗೆ ಕಟ್ಟಿದ ನವನಗರದ ಸೆಕ್ಟರ್ ನಂಬರು, ಎಲ್ಲ ಅನುಭವಿಸಿದ ಊರು ಇದು. ನಮಗೆ ಕಚೇರಿಯಾದರೂ ಇತ್ತು, ಬಾಗಿಲು ಬಡಿಯಲು. ಕೃಷ್ಣೆ ಸಮುದ್ರ ಸೇರುವಲ್ಲಿನ ದಿವಿಸೀಮೆಯ ಮೀನುಗಾರನ ಮನೆಗೆ ಸಮುದ್ರ ಬಂದರೆ ಅವನು ಯಾರ ಟೇಬಲ್ಲಿಗೆ ಅರ್ಜಿ ಇಡಬೇಕು? ಸಮುದ್ರಕ್ಕೆ ಗೇಟಿಲ್ಲ, ನೋಟಿಸಿಲ್ಲ. 1977ರ ನವೆಂಬರ್ 19ರ ಚಂಡಮಾರುತದಲ್ಲಿ ಅದೇ ದಿವಿಸೀಮೆಯಲ್ಲಿ ಉಕ್ಕಿದ ಅಲೆಗೆ ಸಾವಿರಾರು ಜನ ಹೋದರು. ಅಂಥ ಅಲೆಯ ಜೋರು ಮುರಿಯುವುದು ನದಿಬಾಯಿಯ ಕಾಂಡ್ಲಾ ಕಾಡು, ಅಂದರೆ ಮ್ಯಾಂಗ್ರೋವ್. ಅದು ಚೆನ್ನಾಗಿ ಬೆಳೆಯಲು ಉಪ್ಪುನೀರಿಗೆ ಸಿಹಿನೀರು ಬೆರೆಯಬೇಕು. ನಾವು ‘ಸುಮ್ಮನೆ ಹರಿದು ಹೋಗ್ತದ’ ಎನ್ನುವುದು ಆ ಸಿಹಿನೀರನ್ನೇ. ಮುಳುಗಿದವರಿಗೇ ಮುಳುಗುವವರ ಸಂಕಟ ಕಾಣದಿದ್ದರೆ ಇನ್ನಾರಿಗೆ ಕಂಡೀತು?

ಸಾಕಾಗಿದೆ. ಕಸ ಹೊಳೆಗೆ ಹೋಗದಂತೆ ತಡೆಯುವುದು ಯಾರೂ ಮಾಡಲಾಗದ ಕೆಲಸವೇನೂ ಅಲ್ಲ. ಮೇ ತಿಂಗಳಲ್ಲಿ ಚರಂಡಿ ಹೂಳೆತ್ತುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಎತ್ತಿದ್ದನ್ನು ‘ಒಣಗಲಿ’ ಎಂದು ಅಲ್ಲೇ ದಂಡೆಗೆ ಸುರಿಯುತ್ತಾರೆ. ಕಪ್ಪು ರಾಡಿ, ಅದರೊಳಗೆ ಬೆಳ್ಳಿ ಬಣ್ಣದ ಪಾಕೀಟುಗಳು, ಒಂದು ಹವಾಯಿ ಚಪ್ಪಲಿ, ಹಾಲಿನ ಪಾಕೀಟಿನ ಕತ್ತರಿಸಿದ ಮೂಲೆಗಳು. ಮೊದಲ ಅಡ್ಡಮಳೆಗೆ ಅಷ್ಟೂ ಚರಂಡಿಗೆ ವಾಪಸ್. ನಾಲಾದ ಬಾಯಿಗೆ ಜಾಲರಿ ಹಾಕಿದ ಕಡೆ ನೆಟ್ಟಗೆ ಕಂಬಿ ನಿಲ್ಲಿಸಿರುತ್ತಾರೆ. ಕಸ ಅದಕ್ಕೆ ಹಾಳೆಯಂತೆ ಅಂಟಿಕೊಂಡು ನೀರು ಕಟ್ಟಿ ಹಿಂದಿನ ಓಣಿಯ ಮನೆಗಳಿಗೆ ನುಗ್ಗುತ್ತದೆ, ರಾತ್ರೋರಾತ್ರಿ ಯಾರೋ ಸಬ್ಬಲ್ ಹಾಕಿ ಜಾಲರಿ ಎಬ್ಬಿಸುತ್ತಾರೆ. ಅವರದೇನೂ ತಪ್ಪಿಲ್ಲ. ಕಂಬಿ ಓರೆಯಾಗಿ ಕೂರಬೇಕು, ಕಸ ಮೇಲಕ್ಕೆ ಎಳೆಯಲು ಬರುವಂತೆ. ಮೊದಲು ಎರಡು ಇಂಚು ಸಂದಿನದು, ಅದರ ಹಿಂದೆ ಮುಕ್ಕಾಲು ಇಂಚಿನದು. ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ಒಬ್ಬ ಆಳು, ಒಂದು ದಂತಾಳೆ, ಕೈಗವಸು, ಮತ್ತು ಅವನಿಗೆ ತಿಂಗಳಿಗೆ ಸರಿಯಾಗಿ ಪಗಾರ. ಎತ್ತಿದ್ದು ಅವತ್ತೇ ಅಲ್ಲಿಂದ ಹೋಗಬೇಕು. ಇದಕ್ಕೆ ಡಾಲ್ಫಿನ್ ಬೇಡ, ಪ್ರತಿಜ್ಞೆ ಬೇಡ, ಒಂದು ಟ್ರ್ಯಾಕ್ಟರ್ ಬೇಕು. ಟ್ರ್ಯಾಕ್ಟರಿಗೆ ಡೀಸೆಲ್ ಇಲ್ಲ ಎನ್ನುವವರು ಫ್ಲೆಕ್ಸಿಗೆ ಸ್ಟಾರ್ ಹಾಕಿಸುತ್ತಾರೆ.

ಪ್ರತಿಜ್ಞೆಯ ದಿನ ಸಂಜೆ ಗಾಳಿ ಎದ್ದಿತು. ಬೈಂಡಿಂಗ್ ತಂತಿ ಕಿತ್ತು ಫ್ಲೆಕ್ಸಿನ ಒಂದು ಮೂಲೆ ಪಟಪಟ ಹೊಡೆದುಕೊಳ್ಳತೊಡಗಿತು. ಕಳಚಿಕೊಂಡು ಹೋಗಲು ಬಂದವನು ತಿಮಿಂಗಿಲವನ್ನು ಒಳಗೆ ಹಾಕಿ ನಾಲ್ಕು ಮಡಿಕೆ ಮಾಡಿ ಬೈಕಿನ ಹಿಂದೆ ಕಟ್ಟಿಕೊಂಡ. ಮುಂದಿನ ವರ್ಷಕ್ಕೆ ಜೋಪಾನ ಇಟ್ಟರಾಗದೇ ಎಂದರೆ ಅಂಗಡಿ ಹುಡುಗನಿಗೆ ನಗು.

‘ಯಾಕ್ರೀ ಸಾಹೇಬ್ರ? ಫೈಲ್ ನಮ್ಮ ಕಂಪ್ಯೂಟರ್‌ನ್ಯಾಗ ಐತಿ. ತಾರೀಖು ತಿದ್ದಿ ಹೊಸಾದು ಹೊಡದು ಕೊಡ್ತೀವಿ. ಮುಖ ಹೆಚ್ಚಾದ್ರ ಡಾಲ್ಫಿನ್ ತಗದ್ರ ಆತು.’