ಕ್ರಿಮಿನಾಲಜಿ ಓದೋ ಮಕ್ಕಳಿಗೆ ಯಾವ ಕಾಲೇಜು?

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ಕನ್ನಡದ ಮನೆಗಳಲ್ಲಿ ಮಕ್ಕಳು ಕಂಪ್ಯೂಟರ್ ಸೈನ್ಸ್ ಅಂದರೆ ಯಾರೂ ಏನೂ ಕೇಳುವುದಿಲ್ಲ. ಕ್ರಿಮಿನಾಲಜಿ (ಅಪರಾಧಗಳ ಅಧ್ಯಯನ) ಅಂದರೆ ಮಾತ್ರ ಊರಿಂದ ಅಜ್ಜಿಯ ವಾಟ್ಸಾಪ್ ಕಾಲ್ ಬರುತ್ತದೆ. ಅಕ್ಕನ ಮಗಳು ಅದನ್ನೇ ಓದ್ತೀನಿ ಅಂತ ಹಟ ಹಿಡಿದಿದ್ದಾಳೆ. ಓದಲಿ ಬಿಡಿ, ಒಳ್ಳೆಯ ವಿಷಯವೇ. ಆದರೆ ಅಸೋಸಿಯೇಟ್ ಡಿಗ್ರಿಗೆ ಕಾಲೇಜು ಹುಡುಕುವಾಗ ನಮ್ಮವರು ಹೆಸರು, ಕಟ್ಟಡ, ರ‍್ಯಾಂಕಿಂಗ್ ನೋಡ್ತಾರೆ. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಒಂದೇ: ಈ ಎರಡು ವರ್ಷದ ಓದನ್ನು ಮುಂದಿನ ಯೂನಿವರ್ಸಿಟಿ ಲೆಕ್ಕಕ್ಕೆ ತಗೊಳ್ಳುತ್ತಾ?

ಕ್ಯಾಲಿಫೋರ್ನಿಯಾದ ಎರಡು ವರ್ಷದ ಓದಿನ ಸರ್ಕಾರಿ ಕಮ್ಯುನಿಟಿ ಕಾಲೇಜುಗಳಲ್ಲಿ ಇಲ್ಲಿನ ನಿವಾಸಿಗಳಿಗೆ ಓದನ್ನು ಅಳೆಯುವ ಒಂದು ಸೆಮಿಸ್ಟರ್ ಯೂನಿಟ್‌ಗೆ 46 ಡಾಲರ್. ಡಿಗ್ರಿಗೆ ಬೇಕಾದ 60 ಯೂನಿಟ್ ಅಂದರೆ 2,760 ಡಾಲರ್, ಪುಸ್ತಕದ ಖರ್ಚು ಬೇರೆ. ಕೂಪರ್ಟಿನೋದ ಡಿ ಆಂಜಾ, ಫ್ರೀಮಾಂಟ್‌ನ ಓಲೋನ್ ಎರಡೂ ನಮ್ಮ ಬೀದಿಯ ಕಾಲೇಜುಗಳಿದ್ದಂತೆ. ಅಲ್ಲಿ ಕ್ರಿಮಿನಾಲಜಿ ಅಂತ ಹುಡುಕಬೇಡಿ, 'ಅಡ್ಮಿನಿಸ್ಟ್ರೇಷನ್ ಆಫ್ ಜಸ್ಟೀಸ್' ಅಂತ ಹುಡುಕಿ. ಅದರಲ್ಲೂ ಮುಂದೆ ನಾಲ್ಕು ವರ್ಷದ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್‌ಗೆಂದೇ ಮಾಡಿರುವ ಡಿಗ್ರಿ ಇದೆಯಾ ಕೇಳಿ. 2010ರ ಕಾನೂನಿನಿಂದ ಬಂದ ಆ ಡಿಗ್ರಿ ಮುಗಿಸಿದರೆ ರಾಜ್ಯದ ಹಲವು ಊರುಗಳಲ್ಲಿರುವ ಸರ್ಕಾರಿ ಯೂನಿವರ್ಸಿಟಿಗಳ ಕ್ಯಾಲ್ ಸ್ಟೇಟ್ ವ್ಯವಸ್ಥೆಯಲ್ಲಿ ಒಂದು ಸೀಟು ಖಾತ್ರಿ. ಸ್ಯಾನ್ ಹೋಸೆಯಲ್ಲೇ ಸಿಗುತ್ತೆ ಅಂತ ಖಾತ್ರಿ ಇಲ್ಲ, ಅದು ಗೊತ್ತಿರಲಿ.

ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಅನ್ನೋ ಬೇರೆ ವ್ಯವಸ್ಥೆಯ ಅರ್ವೈನ್‌ನ ಕ್ರಿಮಿನಾಲಜಿ ಮೇಲೆ ಕಣ್ಣಿದ್ದರೆ ಈ ಖಾತ್ರಿಯನ್ನು ನಂಬಿ ಕೂರಬೇಡಿ. ಅಸಿಸ್ಟ್ ಡಾಟ್ ಆರ್ಗ್ ತೆರೆಯಿರಿ. ನಿಮ್ಮ ಕಾಲೇಜು, ಸೇರಬೇಕಾದ ಯೂನಿವರ್ಸಿಟಿ, ಮೇಜರ್ (ಓದುವ ಮುಖ್ಯ ವಿಷಯ) ಕೊಟ್ಟರೆ ಅಕ್ಕಪಕ್ಕ ಎರಡು ಕಾಲಂ ಬರುತ್ತದೆ. ಅವರು ಕೇಳುವ ಕೋರ್ಸ್ ಒಂದು ಕಡೆ, ನಿಮ್ಮ ಕಾಲೇಜಿನ ಕೋರ್ಸ್ ಇನ್ನೊಂದು ಕಡೆ. ಕೆಲವು ಸಾಲಲ್ಲಿ 'ನೋ ಕೋರ್ಸ್ ಆರ್ಟಿಕ್ಯುಲೇಟೆಡ್' ಅಂತಿರುತ್ತೆ. ಅಂದರೆ ಅದಕ್ಕೆ ಸಮನಾದ ಕೋರ್ಸ್ ಇಲ್ಲಿಲ್ಲ. ಪಕ್ಕದ ಕಾಲೇಜನ್ನೂ ಹಾಕಿ ನೋಡಿ. ಹತ್ತು ನಿಮಿಷದ ಕೆಲಸ, ಯಾವ ಬ್ರೋಷರ್ ಓದಿದರೂ ಇಷ್ಟು ತಿಳಿಯಲ್ಲ.

ಬ್ರೋಷರ್ ಅಂದಾಗ ವೆಸ್ಟ್‌ವುಡ್ ಕಾಲೇಜಿನ ಕಥೆ ನೆನಪಾಗುತ್ತೆ. ಲಾಭಕ್ಕೆ ನಡೆಯುತ್ತಿದ್ದ ಈ ಕಾಲೇಜಿನ ಮೇಲೆ 2012ರಲ್ಲಿ ಇಲಿನಾಯ್ಸ್‌ನ ಅಟಾರ್ನಿ ಜನರಲ್ ಕೇಸ್ ಹಾಕಿದರು. ಕ್ರಿಮಿನಲ್ ಜಸ್ಟೀಸ್ ಓದಿದರೆ ಪೊಲೀಸ್ ಕೆಲಸ ಅಂತ ಆಸೆ ಹುಟ್ಟಿಸಿದರು, ಆದರೆ ಅಲ್ಲಿನ ಅನೇಕ ಪೊಲೀಸ್ ಇಲಾಖೆಗಳು ಆ ಓದನ್ನು ಒಪ್ಪುತ್ತಲೇ ಇರಲಿಲ್ಲ ಅನ್ನೋದು ಆರೋಪ. ಕಾಲೇಜಿಗೆ ಮಾನ್ಯತೆ ಇತ್ತು, ಆದರೆ ಈ ಇಲಾಖೆಗಳು ಕೇಳುವ ಮಾನ್ಯತೆ ಅಲ್ಲ. ಕಾಲೇಜು 2016ರಲ್ಲಿ ಮುಚ್ಚಿತು. ಹುಡುಗರ ತಲೆ ಮೇಲೆ ಉಳಿದದ್ದು ಸಾಲ. ಅದಕ್ಕೇ 'ಮಾನ್ಯತೆ ಇದೆ' ಅಂದ ಕೂಡಲೇ ತಲೆಯಾಡಿಸಬೇಡಿ, ಯಾರು ಕೊಟ್ಟಿದ್ದು ಅಂತ ಕೇಳಿ.

ಇನ್ನು ಟಿವಿಯಲ್ಲಿ ಲ್ಯಾಬ್ ನೋಡಿ ಆಸೆಪಟ್ಟಿರುವ ಮಕ್ಕಳು. ಡಿಎನ್‌ಎ ಪರೀಕ್ಷೆ ಮಾಡುವವರು ಕ್ರಿಮಿನಾಲಜಿ ಓದಿದವರಲ್ಲ, ಕೆಮಿಸ್ಟ್ರಿ, ಬಯಾಲಜಿ ಓದಿದವರು. ಅದೇ ಬೇಕಿದ್ದರೆ ದಾರಿಯೇ ಬೇರೆ.

ನಮ್ಮವರ ಮನೆಯಲ್ಲಿ ಯಾರೂ ಎತ್ತದ ಇನ್ನೊಂದು ವಿಷಯ ವೀಸಾ. ಎಫ್‌ಬಿಐ ಏಜೆಂಟ್ ಆಗಲು ಅಮೆರಿಕದ ಪೌರತ್ವ ಬೇಕು, ನಾಲ್ಕು ವರ್ಷದ ಡಿಗ್ರಿಯೂ ಬೇಕು. ಕ್ಯಾಲಿಫೋರ್ನಿಯಾ 2023ರಿಂದ ಪೊಲೀಸರಿಗೆ ಪೌರತ್ವದ ಷರತ್ತು ತೆಗೆದಿದೆ, ಆದರೂ ಕೆಲಸ ಮಾಡುವ ಕಾನೂನುಬದ್ಧ ಅನುಮತಿ ಇರಲೇಬೇಕು. ಅಪ್ಪ ಅಥವಾ ಅಮ್ಮನ ಕೆಲಸದ ವೀಸಾ ಜೊತೆ ಬರುವ ಅವಲಂಬಿತರ ವೀಸಾ, ಅಂದರೆ ಎಚ್-4ನಲ್ಲಿರುವ ಮಕ್ಕಳಿಗೆ ಅದು ಇರುವುದಿಲ್ಲ, 21 ತುಂಬಿದರೆ ಆ ವೀಸಾನೂ ಹೋಗುತ್ತೆ. ಹಾಗಾಗಿ ಕಾಲೇಜಿನ ಕೌನ್ಸೆಲರ್ ಹತ್ತಿರ ಹೋಗುವ ಮೊದಲು ಇಮಿಗ್ರೇಷನ್ ವಕೀಲರ ಹತ್ತಿರ ಒಮ್ಮೆ ಕೂತು ಮಾತಾಡಿ.