ಸಿವಿಟಿ ಗಾಡಿ ನಮ್ಮ ಘಟ್ಟಕ್ಕೆ ಆಗ್ತದೆ, ಆಯಿಲ್ ಬದಲಾಯಿಸ್ತಾ ಇದ್ರೆ

ಸಿರ್ಸಿ ಕಡೆ ಯಾರಾದ್ರೂ ಆಟೋಮ್ಯಾಟಿಕ್ ಕಾರ್ ತಗೊಳ್ತೆ ಅಂದ ಕೂಡ್ಲೇ ನಾಲ್ಕು ಜನ ಸೇರಿ "ಸಿವಿಟಿ ಮಾತ್ರ ಬೇಡ ಮಾರಾಯಾ, ದೇವಿಮನೆ ಘಟ್ಟ ಹತ್ತಿಸಿದ್ರೆ ಬೆಲ್ಟ್ ಹರಿದೇ ಹೋಗ್ತದೆ" ಅಂತ ಹೆದರಿಸಿ ಕಳಿಸ್ತಾರೆ. ನಂಗೆ ಇದು ಸರಿ ಕಾಣೂದಿಲ್ಲ. ಸಿವಿಟಿ ಅಂದ್ರೆ ಹಲ್ಲಿನ ಗೇರ್ ಬದಲು ಬೆಲ್ಟು, ಪುಲ್ಲಿ ಮೇಲೆ ನಡೆಯೂ ಆಟೋಮ್ಯಾಟಿಕ್ ಗೇರ್ ಬಾಕ್ಸ್. ಗೇರ್ ಇಲ್ಲದ ಸ್ಕೂಟರ್ ಇದ್ಯಲ್ಲ, ಅದ್ರಲ್ಲಿರೂದೂ ಸಿವಿಟಿನೇ, ಕೈನೆಟಿಕ್ ಹೋಂಡಾ ಕಾಲದಿಂದ ಓಡಿಸ್ತಾ ಇದ್ದೇವೆ. ಅದಕ್ಕೆ ರಬ್ಬರ್ ಬೆಲ್ಟ್. ಕಾರಿಗೆ ಹಾಗಲ್ಲ, ನೂರಾರು ತೆಳು ಉಕ್ಕಿನ ತುಂಡು ಜೋಡಿಸಿ ಮಾಡಿದ ಬೆಲ್ಟು, ಕೆಲವು ಗಾಡಿಲಿ ಚೈನು, ಎರಡು ಪುಲ್ಲಿ ನಡುವೆ ಆಯಿಲ್ ಒಳಗೇ ತಿರುಗ್ತಾ ಇರ್ತದೆ. ಪುಲ್ಲಿ ಅಗಲ ಕಿರಿದಾದ ಹಾಗೆ ಗೇರ್ ರೇಶಿಯೋ ಬದಲಾಗ್ತದೆ, ಅಷ್ಟೇ ವಿಷಯ.

ನಿಜವಾದ ತೊಂದ್ರೆ ಇರೂದು ಆಯಿಲ್ ವಿಷಯದಲ್ಲಿ. ಆ ಆಯಿಲ್ ತಂಪು ಮಾಡ್ಬೇಕು, ಪುಲ್ಲಿ ಒತ್ತಿ ಹಿಡಿಯೂ ಪ್ರೆಶರ್ ಕೊಡ್ಬೇಕು, ಮತ್ತೆ ಬೆಲ್ಟ್ ಜಾರದ ಹಾಗೆ ಹಿಡಿತನೂ ಉಳಿಸ್ಬೇಕು. ಬಿಸಿಯಾಗಿ ಆಗಿ ಆ ಗುಣ ಹೋದ್ರೆ ಬೆಲ್ಟ್ ಜಾರ್ತದೆ, ಪುಲ್ಲಿ ಮೇಲೆ ಗೀರು ಬೀಳ್ತದೆ, ಉದುರಿದ ಲೋಹದ ಪುಡಿ ಆಯಿಲ್ ಪ್ರೆಶರ್ ನಿಯಂತ್ರಿಸೂ ವಾಲ್ವ್ ಬಾಡಿಗೆ ಹೋಗಿ ಕೂರ್ತದೆ. ಆಮೇಲೆ ರಿಪೇರಿ ಅಂದ್ರೆ ಹೆಚ್ಚಿನ ಸಲ ಇಡೀ ಗೇರ್ ಬಾಕ್ಸ್ ಬದಲಾವಣೆಯೇ. ಹೀಗಿರುವಾಗ "ಲೈಫ್‌ಟೈಮ್ ಆಯಿಲ್, ಮುಟ್ಟೂದೇ ಬೇಡ" ಅನ್ನೂ ಮಾತು ಕೇಳಿದ್ರೆ ನಂಗೆ ಸಿಟ್ಟು ಬರ್ತದೆ. ಯಾರ ಲೈಫ್‌ಟೈಮು? ವಾರಂಟಿ ಮುಗಿಯೂ ತನಕದ್ದಾ?

ಸಿವಿಟಿಗೆ ಕೆಟ್ಟ ಹೆಸರು ಬಂದದ್ದು ಸುಮ್ನೆ ಅಲ್ಲ, ಅದನ್ನೂ ಒಪ್ಪಬೇಕು. ಅಮೆರಿಕದಲ್ಲಿ ನಿಸಾನ್ 2003ರಿಂದ 2010ರವರೆಗಿನ ಸಿವಿಟಿ ಗಾಡಿಗಳಿಗೆ ವಾರಂಟಿಯನ್ನ 10 ವರ್ಷ ಅಥವಾ 1,20,000 ಮೈಲಿಗೆ ಏರಿಸಬೇಕಾಗಿ ಬಂತು. ಆದ್ರೆ ಒಂದು ಕಂಪನಿಯ ಹಳೇ ಕಥೆ ಹಿಡ್ಕೊಂಡು ಎಲ್ಲಾ ಸಿವಿಟಿಗೂ ಬೈಯೂದು ಸರಿ ಅಲ್ಲ.

ನಮ್ಮ ಕಡೆ ಗಾಡಿ ಓಡೂ ರೀತಿ ನೋಡಿ. ಐದು ಜನ, ಡಿಕ್ಕಿ ತುಂಬಾ ತೆಂಗಿನಕಾಯಿ, ಏಸಿ ಹಾಕ್ಕೊಂಡು, ಅರಬೈಲ್ ಘಟ್ಟದಲ್ಲಿ ಲೋಡ್ ಲಾರಿ ಹಿಂದೆ ಆಮೆ ಹಾಗೆ ಏರೂದು. ಆಯಿಲ್ ಬಿಸಿಯಾಗೂದು ಇಂಥಲ್ಲೇ. ಗಾಡಿ ಮ್ಯಾನ್ಯುಯಲ್ ಪುಸ್ತಕದಲ್ಲಿ ಆಯಿಲ್ ಬದಲಾಯಿಸೂಕೆ ಕಠಿಣ ಬಳಕೆ ಅಂತ ಬೇರೆ ಲೆಕ್ಕ ಕೊಟ್ಟಿದ್ರೆ ನಮಗೆ ಅನ್ವಯ ಆಗೂದು ಅದು. ನಾನಂತೂ 40,000 ಕಿ.ಮೀ. ದಾಟೂಕೆ ಬಿಡೂದಿಲ್ಲ. ಹಾಕೂದು ಮ್ಯಾನ್ಯುಯಲ್‌ನಲ್ಲಿ ಹೇಳಿದ ಸಿವಿಟಿ ಆಯಿಲೇ ಆಗ್ಬೇಕು, "ಎಲ್ಲಾ ಒಂದೇ ಸರ್" ಅಂತ ಮಾಮೂಲಿ ಆಟೋಮ್ಯಾಟಿಕ್ ಆಯಿಲ್ ಸುರಿಯೂ ಗ್ಯಾರೇಜಿಂದ ಎದ್ದು ಬನ್ನಿ. ಲೆವೆಲ್ ನೋಡೂದೂ ಕಂಪನಿ ಹೇಳಿದ ಟೆಂಪರೇಚರ್‌ಗೆ ಬಂದ ಮೇಲೆ.

ಏರಿನಲ್ಲಿ ನಿಂತಾಗ ಆಕ್ಸಿಲೇಟರ್ ಒತ್ತಿ ಗಾಡಿ ಹಿಡಿಯಬೇಡಿ, ಬ್ರೇಕ್ ಹಿಡೀರಿ. ಇಳಿಯುವಾಗ ಗೇರ್ ಲಿವರನ್ನ ಡಿ (ಡ್ರೈವ್) ಯಲ್ಲೇ ಬಿಡದೆ ಎಲ್ (ಲೋ) ಗೋ ಎಸ್ (ಸ್ಪೋರ್ಟ್) ಗೋ ಹಾಕಿ. ಗಾಡಿ ಪೂರ್ತಿ ನಿಲ್ಲದೆ ಡಿ ಇಂದ ಆರ್‌ಗೆ (ರಿವರ್ಸ್) ತಳ್ಳೂದಂತೂ ಬೇಡವೇ ಬೇಡ.

ಇನ್ನೊಂದು, ಇದು ಯಾರೂ ಹೇಳೂದಿಲ್ಲ. ಗಾಡಿ ಕೆಟ್ಟು ನಿಂತ್ರೆ ಹಗ್ಗ ಕಟ್ಟಿ ಕುಮಟಾ ತನಕ ಎಳೆಸಬೇಡಿ. ಇಂಜಿನ್ ಬಂದ್ ಇದ್ರೆ ಆಯಿಲ್ ಪಂಪ್ ತಿರುಗೂದಿಲ್ಲ, ಚಕ್ರ ಮಾತ್ರ ಒಳಗಿಂದನ್ನ ಒಣಗೇ ತಿರುಗಿಸ್ತದೆ. ಮುಂದಿನ ಚಕ್ರ ಎತ್ತಿ, ಇಲ್ಲಾ ಇಡೀ ಗಾಡಿಯನ್ನ ಲಾರಿ ಮೇಲೆ ಹಾಕಿಸಿ. ಗಂಗಾವಳಿ, ಅಘನಾಶಿನಿ ಉಕ್ಕಿದಾಗ ನೀರಲ್ಲಿ ಮುಳುಗಿದ ಗಾಡಿ ಆದ್ರೆ ಸ್ಟಾರ್ಟ್ ಮಾಡೂಕೆ ಮೊದ್ಲು ಗೇರ್ ಬಾಕ್ಸ್ ಆಯಿಲ್ ತೆಗೆಸಿ ನೋಡಿ, ಬ್ರೀದರ್ (ಗೇರ್ ಬಾಕ್ಸಿಗೆ ಗಾಳಿ ಆಡೂ ತೂತು) ಮೂಲಕ ನೀರು ಹೋಗಿರಬಹುದು.

ಸೆಕೆಂಡ್ ಹ್ಯಾಂಡ್ ತಗೊಳ್ಳೂರು ಆಯಿಲ್ ಬದಲಾಯಿಸಿದ ಬಿಲ್ ಕೇಳಿ. ಒಂದು ಅರ್ಧ ತಾಸು ಓಡಿಸಿ ಬಿಸಿ ಮಾಡಿ, ಆಮೇಲೆ ಒಂದು ಏರು ಹತ್ತಿಸಿ. ನಿಧಾನಕ್ಕೆ ಹೊರಡುವಾಗ ಗಡಗಡ ನಡುಗಿದ್ರೆ, ಅಥವಾ ಆರ್‌ಪಿಎಂ ಏರಿದ್ರೂ ಗಾಡಿ ಮುಂದೆ ಹೋಗದಿದ್ರೆ, ರೇಟ್ ಎಷ್ಟೇ ಇಳಿಸಿದ್ರೂ ಬೇಡ.