ಸ್ಟ್ರೋಕ್ ಆದವರನ್ನು ಕಂಕುಳಿಗೆ ಕೈ ಹಾಕಿ ಎತ್ತಬೇಡಿ

ಇವತ್ತು ಆಸ್ಪತ್ರೆಯೊಂದರ ಬಾಗಿಲಲ್ಲಿ ಮತ್ತೆ ಅದೇ ದೃಶ್ಯ. ಆಟೋದಿಂದ ಅಜ್ಜ ಒಬ್ಬರನ್ನು ಇಳಿಸುತ್ತಿದ್ದರು. ಎಡಗೈ ಸ್ವಾಧೀನವಿಲ್ಲದೆ ಜೋತುಬಿದ್ದಿತ್ತು. "ಏಳಿ ಅಜ್ಜಾ, ಏಳಿ" ಅಂತ ಇಬ್ಬರು ಎರಡೂ ಕಂಕುಳಿಗೆ ಕೈ ಹಾಕಿ ಎಳೆದೇಬಿಟ್ಟರು. ಅಜ್ಜ ನೋವಿಗೆ ಕೂಗಿದ್ದು ಯಾರ ಕಿವಿಗೂ ಬೀಳಲಿಲ್ಲ. ಮನೆಯವರ ಮೇಲೆ ನನಗೆ ಕೋಪವಿಲ್ಲ. ಡಿಸ್ಚಾರ್ಜ್ ದಿನ ಮಾತ್ರೆ ಚೀಟಿ ಕೈಗಿಡುತ್ತಾರೆ, ಹೇಗೆ ಎಬ್ಬಿಸಬೇಕು ಅಂತ ಎಷ್ಟೋ ಕಡೆ ತೋರಿಸಿಕೊಡುವವರೇ ಇಲ್ಲ. ಸಿಟ್ಟು ಬರೋದು ಅದಕ್ಕೆ.

ಭುಜದ ಗುಳಿ ಆಳವಿಲ್ಲ, ತಟ್ಟೆ ಮೇಲೆ ನಿಂಬೆಹಣ್ಣು ಇಟ್ಟ ಹಾಗೆ. ತೋಳಿನ ಮೂಳೆಯ ಗುಂಡು ಅಲ್ಲಿ ನಿಂತಿರೋದು ಸುತ್ತಲಿನ ಸ್ನಾಯುಗಳ ಬಿಗಿಯಿಂದ. ಸ್ಟ್ರೋಕ್ ಆದ ಮೊದಲ ವಾರಗಳಲ್ಲಿ ಅವು ಸಡಿಲವಾಗಿರುತ್ತವೆ, ಕೈಯ ಭಾರಕ್ಕೇ ಗುಂಡು ಕೆಳಗೆ ಜಾರುತ್ತದೆ. ಭುಜದ ತುದಿಯ ಮೂಳೆಯ ಕೆಳಭಾಗದಲ್ಲಿ ಬೆರಳಿಂದ ಮೆಲ್ಲಗೆ ಒತ್ತಿ ನೋಡಿ, ಒಂದು ಬೆರಳು ಕೂರುವಷ್ಟು ಹಳ್ಳ ಸಿಗಬಹುದು. ಅಂಥ ಕೀಲನ್ನು ಹಿಡಿದು ಇಡೀ ಮೈಯನ್ನು ಎತ್ತುತ್ತೇವೆ! ಒಮ್ಮೆ ನೋವು ಶುರುವಾದರೆ ಅವರು ಕೈ ಮುಟ್ಟಗೊಡುವುದಿಲ್ಲ. ವ್ಯಾಯಾಮ ನಿಲ್ಲುತ್ತದೆ, ಭುಜ ಬಿಗಿದುಕೊಳ್ಳುತ್ತದೆ. ಚೇತರಿಕೆ ಚುರುಕಾಗಿರುವ ಮೊದಲ 3 ತಿಂಗಳು ಹೀಗೇ ಕೈತಪ್ಪಿ ಹೋಗುತ್ತದೆ.

ಎಬ್ಬಿಸುವುದು ಹೀಗೆ. ಗಾಲಿಕುರ್ಚಿ ಅವರ ಗಟ್ಟಿ ಕೈ ಇರುವ ಕಡೆ, ಮಂಚಕ್ಕೆ ಸ್ವಲ್ಪ ಓರೆಯಾಗಿರಲಿ. ಬ್ರೇಕ್ ಹಾಕಿ, ಕಾಲಿಡುವ ಹಲಗೆ ಮೇಲೆತ್ತಿ. ಅವರನ್ನು ಮಂಚದ ಅಂಚಿಗೆ ಸರಿಸಿ, ಎರಡೂ ಪಾದ ನೆಲಕ್ಕೂರಿ ಮಂಡಿಗಿಂತ ತುಸು ಹಿಂದಿರಲಿ. ಸೊಂಟಕ್ಕೆ ಅಗಲವಾದ ಬೆಲ್ಟ್ ಬಿಗಿದು ಅದನ್ನೇ ಹಿಡಿಯಿರಿ. ಬಲ ಇಲ್ಲದ ಮಂಡಿ ಕುಸಿಯದಂತೆ ನಿಮ್ಮ ಮಂಡಿ ಅಡ್ಡ ಕೊಡಿ. ಆಮೇಲೆ "ಮುಂದಕ್ಕೆ ಬಾಗಿ" ಅನ್ನಿ. ಮೂಗು ಕಾಲ್ಬೆರಳಿನ ನೇರಕ್ಕೆ ಬಂದಾಗ ಸೊಂಟ ತಾನಾಗಿ ಮೇಲೇಳುತ್ತದೆ. ನಿಮ್ಮ ಕುತ್ತಿಗೆಗೆ ಜೋತುಬೀಳಲು ಮಾತ್ರ ಬಿಡಬೇಡಿ, ಇಬ್ಬರೂ ಬೀಳುತ್ತೀರಿ.

"ಎಳೀದೇ ಇದ್ರೆ ಕೈ ಸೆಟೆದುಕೊಳ್ಳಲ್ವಾ?" ಅಂತ ಕೇಳುವವರಿದ್ದಾರೆ. ಕೈ ಆಡಿಸಲೇಬೇಕು, ನಿಜ. ಆದರೆ ಆಡಿಸುವುದು ಬೇರೆ, ಎಳೆಯುವುದು ಬೇರೆ. ನಿಮ್ಮ ಒಂದು ಕೈ ಅವರ ಬೆನ್ನಿನ ಹಲಗೆಮೂಳೆಗೆ ಕೊಟ್ಟು, ಇನ್ನೊಂದರಲ್ಲಿ ಅವರ ತೋಳನ್ನು ಆಧರಿಸಿ, ಅವರ ಅಂಗೈ ಮೇಲ್ಮುಖವಾಗಿ ನಿಧಾನ ಎತ್ತಿ, ನೋವಾದ ಕಡೆ ನಿಲ್ಲಿಸಿ. ಭುಜದ ಮಟ್ಟಕ್ಕಿಂತ ಮೇಲೆ ಎತ್ತುವುದನ್ನು ಫಿಸಿಯೋ ಕಲಿಸಿಕೊಟ್ಟ ಮೇಲೆ ಮಾಡಿ. ವ್ಯಾಯಾಮಕ್ಕೆಂದು ಜಂತಿಗೆ ರಾಟೆ ಕಟ್ಟಿ, ಹಗ್ಗದ ಒಂದು ತುದಿಗೆ ಬಿದ್ದ ಕೈ (ಸ್ವಾಧೀನವಿಲ್ಲದ ಕೈ) ಕಟ್ಟಿ, ಇನ್ನೊಂದು ತುದಿ ಗಟ್ಟಿ ಕೈಗೆ ಕೊಡುತ್ತಾರಲ್ಲ, ದಯವಿಟ್ಟು ಬಿಚ್ಚಿಹಾಕಿ. ಹಲಗೆಮೂಳೆ ತಿರುಗದೆ ತೋಳು ಮಾತ್ರ ಮೇಲೆ ಹೋಗಿ, ಮಧ್ಯದ ಸ್ನಾಯುರಜ್ಜು ನಜ್ಜಾಗುತ್ತದೆ.

ಕೂತಾಗ ಮೊಣಕೈಯಿಂದ ಬೆರಳತನಕ ತೊಡೆ ಮೇಲಿನ ದಿಂಬಿನ ಮೇಲಿರಲಿ. ಕೈಯನ್ನು ಕುತ್ತಿಗೆಯಿಂದ ತೂಗುಹಾಕುವ ಬಟ್ಟೆಯ ಜೋಳಿಗೆ (ಸ್ಲಿಂಗ್) ನಿಂತಾಗ, ನಡೆಯುವಾಗ ಸಾಕು. ದಿನವಿಡೀ ಹಾಕಿದರೆ ಮೊಣಕೈ ಮಡಚಿದಂತೆಯೇ ಬಿಗಿಯುತ್ತದೆ. ಅಂಗಿ ತೊಡಿಸುವಾಗ ಬಿದ್ದ ಕೈ ಮೊದಲು, ಬಿಚ್ಚುವಾಗ ಕೊನೆಗೆ. ಬಿಪಿ ಪಟ್ಟಿ, ಡ್ರಿಪ್ ಸೂಜಿ ಸಾಧ್ಯವಾದಷ್ಟೂ ಗಟ್ಟಿ ಕೈಗೇ ಹಾಕಲು ಹೇಳಿ. ಮರೆತುಹೋಗುತ್ತದೆ, ಕೇಳಲು ಹಿಂಜರಿಯಬೇಡಿ.